ಊಟದ ಕ್ಯಾಸೆಟ್ಟು

೯ ಜುಲೈ ೧೯೮೯, ರವಿವಾರ. ಅಥಣಿ

ಉಪ್ಪುನೀರಿನಲ್ಲಿ ಗಂಟಲು ತೊಳೆದೆ. ಹಿತ್ತಲಲ್ಲಿ ನಿಂತು ನಾಟಕದ ಸೇನಾಪತಿಯ ಮಾತು ಒಂದು ಸಲ ಒದರಿದೆ. ಪಕ್ಕದ ಮನೆಯ ಎಮ್ಮೆ ಎಂದಿನಂತೆ ಕಿವಿ ನಿಮಿರಿಸಿತು. ಗಂಟಲು ಸರಿ ಇದೆ. ಗಂಟಲಿಗೆ ಏನೂ ಆಗಿಲ್ಲ. ಚಹಾ ಅರ್ಧ ಕುಡಿದ ಮೇಲೆ ಸಕ್ಕರೆ ಹಾಕಿಲ್ಲವೆಂದು ತಿಳಿಯಿತು. ಹಾಗೇ ಮುಗಿಸಿದೆ.

ಸತ್ತಿ ಊರಿನಿಂದ ಕಾಕಾಸಾಹೇಬ ಬಂದಿದ್ದ. ಅಲ್ಲಿಯ ರಾವಸಾಹೇಬರ ಎರಡನೆಯ ಮಗ. ಅವರ ಊರಿನ ಗಣಪತಿ ಮಂಡಳದ ನಾಟಕ ಕಲಿಸುವವನು ನಾನೇ. ನಾನೇ ಬರೆದ ಹಳೆಯ ನಾಟಕ, ಹಾಳುಬಿದ್ದ ವಾಡೆ, ಅದರೊಳಗೊಂದು ದೆವ್ವ.

"ಮಾಸ್ತರ್ರ, ಈ ವರ್ಸ ನಿಮ್ಮ ದೆವ್ವ ನಡ್ಯಾಂಗಿಲ್ರಿ."

"ಯಾಕಪಾ, ಕಾಲ್ ಮುರದಾವೇನ್ ಅದಕ್ಕ?"

"ಹೋದ ವರ್ಸ ನೀವ್ ಇರಲಿಲ್ಲಲ್ಲರಿ. ಧರೆಪ್ಪಕಾಕಾ ದೆವ್ವ ಆಗಿ ಬಂದ. ಮಂದ್ಯಾಗಿಂದ ಯಾವನೋ, 'ಧರೆಪ್ಪಾ, ನಿನ್ನ ಎಮ್ಮಿ ಹಗ್ಗ ಹರಕೊಂಡ ಹೋತಲೇ' ಅಂದ. ದೆವ್ವ ಹೊಳ್ಳಿ ನೋಡ್ತು!"

ಅವನು ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ವೇದಿಕೆಯ ನಗೆ, ಹೊಟ್ಟೆಯಿಂದ ಎತ್ತಿ ಮೂಗಿನಲ್ಲಿ ಬಿಡುವುದು. ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ.

ಅವನ ಹತ್ತಿರ ಒಂದು ಇಂಗ್ಲಿಷ್ ಹಾಡಿನ ವಿಡಿಯೋ ಇದೆಯಂತೆ. ಪೂರಾ ದೆವ್ವದ್ದೇ. ನೋಡಿದವರ ಮೈ ನಡುಗುತ್ತದಂತೆ. ಅದು ಹೇಗೆ ಹೆದರಿಸುತ್ತದೆ ಎಂದು ಬಿಡಿಸಿ ನೋಡಿ, ನಮ್ಮ ನಾಟಕದಲ್ಲಿ ಹಾಗೇ ಮಾಡಿಸಬೇಕಂತೆ.

ಹೋದ ವರ್ಷ ನಾನು ಹೋಗಿರಲಿಲ್ಲ ನಿಜ. ಪಂಚಮಿ ಆಗಿ ನಾಲ್ಕು ದಿನಕ್ಕೆ ತುಳಸವ್ವ ಹೋದಳು. ಕಾಮಾಲೆ. ಮದುವೆಯಾದಾಗಿನಿಂದ ಪರದೆಯ ಹಿಂದೆ ಕುಳಿತು ನಾನು ಮರೆತ ಮಾತು ಎತ್ತಿಕೊಟ್ಟವಳು. ಓದು ಬರದು. ಕೇಳಿ ಕೇಳಿಯೇ ಎಲ್ಲ ನಾಟಕ ಬಾಯಿಪಾಠ.

ಮಗಳು ಅಕ್ಕುತಾಯಿ ರಾಯಬಾಗದಿಂದ ಮತ್ತೆ ಹೇಳಿಕಳಿಸಿದ್ದಾಳೆ. ವರ್ಷದ ಕಾರ್ಯಕ್ಕೆ ಅವ್ವನ ಫೋಟೋ ಆಗಲೇಬೇಕು, ಬರೀ ಗೋಡೆಗೆ ಹಾರ ಹಾಕಲು ಬರುವುದಿಲ್ಲ ಎಂದು. ಎಲ್ಲಿಂದ ತರಲಿ? ಟ್ರಂಕಿನಲ್ಲಿರುವ ಫೋಟೋ ಎಲ್ಲ ನನ್ನವು. ಕಿರೀಟ ಇಟ್ಟದ್ದು, ಕತ್ತಿ ಹಿರಿದದ್ದು, ಸತ್ತುಬಿದ್ದದ್ದು. ಪರದೆಯ ಹಿಂದೆ ಕುಳಿತವಳ ಫೋಟೋ ಯಾರು ತೆಗೆಯುತ್ತಾರೆ.

ಮುಖ ನೆನಪಿದೆ. ಇದೆ ಅನಿಸುತ್ತದೆ.

೧೨ ಜುಲೈ, ಬುಧವಾರ. ಸತ್ತಿ

ರಾವಸಾಹೇಬರ ಮನೆಯ ಮಹಡಿ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಟಿ.ವಿ., ಅದರ ಕೆಳಗೆ ವಿಸಿಆರ್, ಟಿ.ವಿ.ಯ ಮೇಲೆ ಕ್ರೋಶಾ ಹೆಣೆದ ಬಟ್ಟೆ. ಮಂಡಳದ ಹುಡುಗರು, ಧರೆಪ್ಪ, ಬಾಗಿಲಲ್ಲಿ ಕಾಕಾಸಾಹೇಬನ ತಾಯಿ ಶಿವಗಂಗವ್ವ ವೈನಿ.

ಪರದೆ ಏಳಲಿ!

ಉದ್ದನೆಯ ಓಣಿಯಂಥ ಪಡಸಾಲೆ. ಯಾರೂ ಇಲ್ಲ. ಆದರೆ ಯಾರೋ ನಡೆಯುತ್ತಿದ್ದಾರೆ. ಉಸಿರು ಕೇಳುತ್ತದೆ. ಬಾಗಿಲು ತಾನೇ ತೆರೆಯುತ್ತದೆ. ಆಗ ಹಾಡುವವಳು ಬರುತ್ತಾಳೆ, ಗಂಡಸರಂತೆ ಕತ್ತರಿಸಿದ ಕೂದಲು, ಬಿಳಿ ಬೂಟು. ಒಳಗೆ ದೊಡ್ಡ ಮೇಜು. ಸುತ್ತ ಒಂದು ಮನೆತನ ತಲೆ ತಗ್ಗಿಸಿ ಕುಳಿತಿದೆ. ತಲೆಯ ಮೇಲೆ, ಹೆಗಲ ಮೇಲೆ, ಎಲ್ಲೆಲ್ಲೂ ಧೂಳು. ಎಲ್ಲರೂ ಸತ್ತವರು. ಒಂದು ಚಮಚ ಟಣ್ ಅನ್ನುತ್ತದೆ. ಇನ್ನೊಂದು. ಡ್ರಮ್ಮು ಶುರು. ಸತ್ತವರು ಖಾಲಿ ತಾಟಿನಿಂದ ತಾಳಕ್ಕೆ ಸರಿಯಾಗಿ ಉಣ್ಣತೊಡಗುತ್ತಾರೆ. ಆಮೇಲೆ ಎದ್ದು ಕುಣಿಯುತ್ತಾರೆ. ಕೊನೆಗೆ ಹಾಡುವವಳು ಖಾಲಿ ಕುರ್ಚಿಯಲ್ಲಿ ಕುಳಿತು ತಲೆ ತಗ್ಗಿಸುತ್ತಾಳೆ. ಅವಳ ಮೇಲೂ ಧೂಳು ಬೀಳುತ್ತದೆ. ಕತ್ತಲೆ.

ಹುಡುಗರು ಚೀರಿದರು. ವೈನಿ "ಅಯ್ಯ ನನ ಶಿವನ" ಎಂದು ಸೆರಗು ಬಾಯಿಗೆ ಹಿಡಿದರು.

ಧರೆಪ್ಪನೊಬ್ಬನೇ ಗಂಭೀರ. "ಅಲ್ಲ ಮಾಸ್ತರ, ಆ ದೇಶದ ದೆವ್ವಕ್ಕ ಕುರ್ಚಿ ಮ್ಯಾಲ ಕುಂತು ಚಮಚದ್ಲೆ ಉಣ್ಣಾಕ ಬರ್ತೈತಿ. ನನಗ ಜೀವಂತ ಇದ್ದೂ ಬರವಲ್ದು."

"ನಿಮಗ ಅಂಜಿಕಿ ಬರಲಿಲ್ಲೇನ್ರಿ ಮಾಸ್ತರ್ರ?" ಕಾಕಾಸಾಹೇಬ ಕೇಳಿದ.

"ಬಂತು, ಬಂತು. ಭಯಂಕರ!" ಎಂದೆ. ಗೋಡೆ ಗುಡುಗಿತು.

ಬಂದಿರಲಿಲ್ಲ. ಏನೂ ಬಂದಿರಲಿಲ್ಲ. ವೈನಿ ಬುತ್ತಿ ಕಟ್ಟಿಕೊಟ್ಟರು, ಭಕ್ರಿ, ಬದನೆಕಾಯಿ ಪಲ್ಯ. ಬಸ್ಸಿಳಿದು ಎಮ್ಮೆಗೆ ಹಾಕಿದೆ.

೧೩ ಜುಲೈ

ಇಡೀ ದಿನ ಸತ್ತಿಯಲ್ಲಿ ಅದೇ ಹಾಡು. ಓಡಿಸು, ನಿಲ್ಲಿಸು, ಹಿಂದಕ್ಕೆ. ರಿಮೋಟು ಕಾಕಾಸಾಹೇಬನ ಕೈಯಲ್ಲಿ. "ಭಾಳ ಹೊತ್ತು ಪಾಜ್ ಇಡಬ್ಯಾಡ್ರಿ, ಟೇಪ್ ತಿಂತೈತಿ" ಅನ್ನುತ್ತಲೇ ಇದ್ದ. ಹುಡುಕಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ.

ಮೊದಲು ನಡಿಗೆ. ನಡೆಯುವವರನ್ನು ತೋರಿಸುವುದೇ ಇಲ್ಲ. ಕ್ಯಾಮೆರಾ ನಡೆಯುತ್ತದೆ, ಎಂದರೆ ನೋಡುವವನೇ ಆ ಮನೆಯೊಳಗೆ ನಡೆಯುತ್ತಾನೆ. ನಮ್ಮ ಜನ ಚಾಪೆಯ ಮೇಲೆ ಶೇಂಗಾ ತಿನ್ನುತ್ತ ಕೂತಿರುತ್ತಾರೆ. ಅವರನ್ನು ಎಬ್ಬಿಸಿ ವಾಡೆಯೊಳಗೆ ಹೇಗೆ ನಡೆಸಲಿ?

ಬೆಳಕು ಕೆಳಗಿನಿಂದ. ಗದ್ದ, ಮೂಗಿನ ಹೊಳ್ಳೆ ಬೆಳಗುತ್ತವೆ, ಕಣ್ಣು ಗುಂಡಿ. ಇದೇನು ಮಹಾ! ವೇದಿಕೆಯ ಅಂಚಿಗೆ ಗ್ಯಾಸಬತ್ತಿ ಇಟ್ಟು ನಮ್ಮ ನಾಟಕ ಕಂಪನಿಯವರು ಎಂದೋ ಮಾಡಿದ್ದು. ಇದೊಂದು ಕಡೆ ನನಗೆ ಸ್ವಲ್ಪ ಮೀಸೆ ತಿರುವಬೇಕು ಅನಿಸಿತು. ತಿರುವಲಿಲ್ಲ.

ಸಪ್ಪಳ ಮೊದಲು, ವಸ್ತು ಆಮೇಲೆ. ಚಮಚದ ಟಣ್ ಕೇಳಿ, ಎಲ್ಲಿ ಎಂದು ಹುಡುಕುವಷ್ಟು ಹೊತ್ತು ಕೊಟ್ಟು, ಆಮೇಲೆ ಚಮಚ. ಹೆದರಿಕೆ ಇರುವುದು ಆ ನಡುವಿನ ಹೊತ್ತಿನಲ್ಲಿ.

ಇನ್ನು ಕತ್ತರಿಸಿ ಜೋಡಿಸುವುದು. ಇದು ನಿಜವಾಗಿ ಮಾಯೆ. ಹಾಡುವವಳ ಮುಖ. ಕಟ್. ಧೂಳು ಹಿಡಿದ ಕೈ. ಕಟ್. ಮತ್ತೆ ಅವಳ ಮುಖ. ನಮಗೆ ಅವಳು ಹೆದರಿದಳು ಅನಿಸುತ್ತದೆ. ಹತ್ತಾರು ಸಲ ಹಿಂದೆ ಮುಂದೆ ಮಾಡಿಸಿದೆ. ಅವಳು ಏನೂ ಅಭಿನಯಿಸಿಲ್ಲ! ಮುಖ ಕಲ್ಲು. ಮೊದಲೂ ಹಾಗೇ, ಆಮೇಲೂ ಹಾಗೇ. ಪಕ್ಕದಲ್ಲಿ ಸತ್ತವರ ಕೈ ಇಟ್ಟಿದ್ದಕ್ಕೆ ಆ ಕಲ್ಲಿನಲ್ಲಿ ನಾವು ಭಯ ಓದುತ್ತೇವೆ.

ನನ್ನ ಮುಖವನ್ನೂ ಊರವರು ಹಾಗೇ ಓದುತ್ತಿದ್ದಾರೆ. ಮಾಸ್ತರರ ಮುಖ. ಕಟ್. ತುಳಸವ್ವನ ಹೆಣ. ಕಟ್. ಮಾಸ್ತರರ ಮುಖ. ಪಾಪ, ಎಷ್ಟು ದುಃಖ ನೋಡು ಅನ್ನುತ್ತಾರೆ.

ಕೊನೆಯದು, ಆ ಖಾಲಿ ಕುರ್ಚಿ. ಮೊದಲ ನೋಟದಲ್ಲೇ ಮೂಲೆಯಲ್ಲಿ ಇದೆ. ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಕಣ್ಣೆಲ್ಲ ಮುಖಗಳ ಮೇಲೆ. ಕುರ್ಚಿ ಮಾತ್ರ ಅಷ್ಟು ಹೊತ್ತೂ ಕಾಯುತ್ತಲೇ ಇತ್ತು.

೧೯ ಜುಲೈ, ಬುಧವಾರ

ಅಥಣಿಯ ಫೋಟೋ ಸ್ಟುಡಿಯೋದ, ಮರಾಠಿ ಬೆರೆಸಿ ಮಾತಾಡುವ ಜ್ಞಾನದೇವನ ಹತ್ತಿರ ಹೋಗಿದ್ದೆ, ತುಳಸವ್ವನ ಚಿತ್ರ ಯಾರಿಂದಾದರೂ ಬರೆಸಲು ಬರುತ್ತದೆಯೇ ಕೇಳಲು.

"ಕಾಯ್ ಮಾಸ್ತರ್, ನೋಡದ ಮುಖಾ ಹೆಂಗ್ ಬರೀತಾರ? ತುಳಸವ್ವ ವೈನಿ ಯಾರದರ ಲಗ್ನದ ವಿಡಿಯೋದಾಗ ಬಂದಾರೇನು?"

ಹೋದ ವರ್ಷ ಮೇ ತಿಂಗಳಲ್ಲಿ ರಾವಸಾಹೇಬರ ಹಿರಿಯ ಮಗನ ಲಗ್ನ. ಇಬ್ಬರೂ ಹೋಗಿದ್ದೆವು. ವಿಡಿಯೋದವನು ಮಿರಜಿನಿಂದ ಬಂದಿದ್ದ. ಅದನ್ನು ಹೇಳಿದೆ.

"ಝಾಲಂ, ಆತಲ್ಲ ಮತ್ತ! ಟೀವಿ ಮ್ಯಾಲ ಪಾಜ್ ಮಾಡಿ ನಿಲ್ಲಸೂದು, ಟೀವಿದ ಫೋಟೋ ಹೊಡ್ಯೂದು. ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡ್ತೀನಿ."

ಅಲ್ಲಿಂದಲೇ ಸತ್ತಿ ಬಸ್ಸು ಹತ್ತಿದೆ. ವೈನಿ ಕಪಾಟಿನಿಂದ ಅಕ್ಷತೆಯ ಕ್ಯಾಸೆಟ್ಟು ತೆಗೆದರು, ಅರಿಶಿನ ಕುಂಕುಮ ಹಚ್ಚಿ ಇಟ್ಟದ್ದು. ಪೂರ್ತಿ ನೋಡಿದೆವು. ಎಲ್ಲರೂ ಇದ್ದಾರೆ. ತುಳಸವ್ವ ಇಲ್ಲ. ಹಿಂದೆ ಎಲ್ಲೋ ನಿಂತಿರಬೇಕು. ಹಿಂದೆ ನಿಂತೇ ರೂಢಿ.

"ಇನ್ನೊಂದ್ ಇತ್ತಲ್ರಿ ವೈನಿ, ಊಟದ್ದು?"

ವೈನಿ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

ಊಟದ ಕ್ಯಾಸೆಟ್ಟನ್ನು ಅಳಿಸಿ ಒಂದು ಹಿಂದಿ ಸಿನೆಮಾ ತುಂಬಿದ್ದಾರೆ. ಸಿನೆಮಾದ ಬೆನ್ನಿಗೆ ಆ ಇಂಗ್ಲಿಷ್ ಹಾಡು. ನಾನು ವಾರದಿಂದ ಹಿಂದೆ ಮುಂದೆ ಮಾಡುತ್ತಿರುವುದು ಅದೇ ಟೇಪು.

"ನಾನ ಅಳಸಂತ ಹೇಳಿದ್ನಿರಿ ಮಾಸ್ತರ್ರ," ವೈನಿ ಅಂದರು. "ಬಂದ ಮಂದಿಗೆಲ್ಲಾ ಹಚ್ಚಿ ತೋರಸೂದು, ಬಾಯಾಗ ತುತ್ತು ಇದ್ದಾಗ ಎಲ್ಲಾರೂ ನೋಡೂದು. ಉಣ್ಣೂ ಹೆಣ್ಮಕ್ಕಳಿಗೆ ದೃಷ್ಟಿ ಆಕ್ಕೈತಿ. ಸ್ವಸಿ ಎರಡ ದಿನಾ ಹೊಟ್ಟಿ ಬ್ಯಾನಿ ಅಂತ ಮಕ್ಕೊಂಡಿದ್ಲು. ಅಕ್ಕಿಕಾಳು ಬಿದ್ದಿದ್ದ ಒಂದ ಕ್ಯಾಸೆಟ್ ಇದ್ರ ಸಾಕು ಅಂದ್ನಿ. ನನಗೇನ್ ಗೊತ್ರಿ, ತುಳಸಕ್ಕ…"

"ಇರ್ಲಿ ಬಿಡ್ರಿ ವೈನಿ. ನೀವರೇ ಏನ್ ಮಾಡ್ತೀರಿ."

ಚೆನ್ನಾಗಿ ಅಂದೆ. ಸ್ವರ ಎಲ್ಲೂ ಬಿರುಕು ಬಿಡಲಿಲ್ಲ.

೨೩ ಜುಲೈ, ರವಿವಾರ. ಸತ್ತಿ

ಕಾಕಾಸಾಹೇಬ ಕಬ್ಬಿನ ಹೊಲಕ್ಕೆ ಹೋಗಿದ್ದ. ಒಬ್ಬನೇ ಮಹಡಿಯಲ್ಲಿ. ಹಾಡುವವಳು ಕುರ್ಚಿಯಲ್ಲಿ ಕುಳಿತಳು, ಧೂಳು ಬಿತ್ತು, ಕತ್ತಲೆ. ಪ್ರತಿಸಲ ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಓಡಿಸುತ್ತಿದ್ದೆವು. ಇವತ್ತು ಕೈ ಏಳಲಿಲ್ಲ. ಓಡುತ್ತಲೇ ಇತ್ತು.

ಗೆರೆ. ಗೆರೆ. ಇರುವೆ ಮುತ್ತಿದ ಹಾಗೆ ಚುಕ್ಕಿ.

ಆಮೇಲೆ ಊಟದ ಪಂಕ್ತಿ.

ಮೊದಲು, ಹಾಡಿನದೇ ಇನ್ನೊಂದು ಭಾಗ ಅಂದುಕೊಂಡೆ. ಅಲ್ಲಿ ಧೂಳು ಹಿಡಿದವರ ಮೇಜು, ಇಲ್ಲಿ ನೆಲದ ಮೇಲೆ ಪತ್ರಾವಳಿ. ಕಟ್ ಮಾಡಿ ಜೋಡಿಸಿದ ಹಾಗೇ ಇತ್ತು. ಲಗ್ನದ ಕೊನೆಯ ಪಂಕ್ತಿ. ಅಡಿಗೆಯವರು, ಬಡಿಸಿದವರು, ಬಾಜಂತ್ರಿಯವರು, ಗಂಡು ಹೆಣ್ಣು ಒಟ್ಟಿಗೆ ಕೂಡುವುದು. ಸಿನೆಮಾ, ಹಾಡು ಎರಡೂ ಮುಗಿದು ಟೇಪಿನ ಬಾಲದಲ್ಲಿ ಇಷ್ಟು ಅಳಿಯದೆ ಉಳಿದಿದೆ.

ಕ್ಯಾಮೆರಾದ ದೀಪ ಒಬ್ಬೊಬ್ಬರ ಮುಖಕ್ಕೆ ಹೊಡೆಯುತ್ತ ಬರುತ್ತದೆ. ಗಿಣಿಹಸಿರು ಇಳಕಲ್ ಸೀರೆ.

ತುಳಸವ್ವ.

ದೀಪಕ್ಕೆ ಕಣ್ಣು ಕಿರಿದು ಮಾಡುತ್ತಾಳೆ. ಸೆರಗು ಬಾಯಿಗೆ ತರುತ್ತಾಳೆ. ಆಮೇಲೆ ಕ್ಯಾಮೆರಾ ಬಿಟ್ಟು ಆಚೆ ಎಲ್ಲೋ ನೋಡುತ್ತಾಳೆ. ಸೆರಗು ಜಾರುತ್ತದೆ. ತುಟಿ ಅಲ್ಲಾಡುತ್ತವೆ. ಅಷ್ಟೆ. ಕ್ಯಾಮೆರಾ ಮಜ್ಜಿಗೆಯ ಹಂಡೆಯ ಕಡೆ ತಿರುಗುತ್ತದೆ. ಟೇಪು ಮುಗಿಯುತ್ತದೆ.

ಅವಳು ಯಾರನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತು. ಚೌಕಟ್ಟಿನ ಆಚೆ ಸಾರಿನ ಬಕೀಟು ಹಿಡಿದು ನಿಂತವನನ್ನು. ಬಡಿಸುತ್ತ ನಾಟಕದ ಮಾತು ಒದರುತ್ತಿದ್ದೆ ಆ ದಿನ, ಜನ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲೋ ಮರೆತಿರಬೇಕು. ಅವಳು ಎತ್ತಿಕೊಡುತ್ತಿದ್ದಾಳೆ. ಯಾವ ಮಾತು? ಕೇಳುವುದಿಲ್ಲ. ವಿಡಿಯೋದವನು ಎಲ್ಲರ ದನಿ ತೆಗೆದು ಮೇಲೆ ಶಹನಾಯಿ ಸುರಿದಿದ್ದಾನೆ.

ಮತ್ತೆ ನೋಡಿದೆ. ಮತ್ತೆ. ತುಟಿ ಅಲ್ಲಾಡುವಲ್ಲಿ ನಿಲ್ಲಿಸಿದೆ. ಮುಖ ನಡುಗುತ್ತ ನಿಂತಿತು, ನಡುವೆ ಒಂದು ಬಿಳಿ ಗೆರೆ.

ಅಳು ಬರುತ್ತದೆ ಎಂದು ಕಾದೆ. ಕೆಳಗೆ ವೈನಿ ಕುಟ್ಟುತ್ತಿದ್ದ ಒನಕೆಯ ಸಪ್ಪಳ ಕೇಳುತ್ತಿತ್ತು.

೨೪ ಜುಲೈ

ಟೇಪಿನ ಬಾಲದ ಸಂಗತಿ ಕೇಳಿ ಕಾಕಾಸಾಹೇಬ ಹೆದರಿಕೊಂಡ. "ಇನ್ ಮುಟ್ಟಬ್ಯಾಡ್ರಿ ಮಾಸ್ತರ್ರ. ಬಾಲದಾಗ ಟೇಪ್ ಸಡಲ ಇರತೈತಿ. ಫೋಟೋದವ್ರು ಬರೂತನಾ ಕಪಾಟಿನ್ಯಾಗ ಇಡ್ತೀನಿ." ಹಾಡು ನೋಡುವುದೂ ಬಂದ್.

ಅದಿಲ್ಲದೆಯೂ ನಡೆಯುತ್ತದೆ. ಎಲ್ಲಿ ಕಟ್, ಎಲ್ಲಿ ಟಣ್, ಎಲ್ಲ ಬಾಯಿಪಾಠ.

೨ ಆಗಸ್ಟ್

ಹೊಳೆ ತುಂಬಿದೆ. ಸತ್ತಿಗೆ ಬಸ್ಸಿಲ್ಲ. ಉಪ್ಪುನೀರು. ಚಹಾ. ಎಮ್ಮೆ.

೫ ಆಗಸ್ಟ್, ಶನಿವಾರ

ದಾರಿ ತೆರೆಯಿತು. ಜ್ಞಾನದೇವ ಕ್ಯಾಮೆರಾ ಸ್ಟ್ಯಾಂಡು ಹೊತ್ತು ಸತ್ತಿಗೆ ಬಂದ. ಕಿಟಕಿಗೆ ಕಂಬಳಿ. "ಫ್ಲ್ಯಾಶ್ ಬ್ಯಾಡ, ಗ್ಲಾಸಿನ್ಯಾಗ ಹೊಳೀತೈತಿ. ಬರೋಬರಿ ನಿಲ್ಲಸ್ರಿ, ನಾ ಸಾವಕಾಶ ಹೊಡೀತೀನಿ."

ಕಾಕಾಸಾಹೇಬ ದೇವರ ಮುಂದೆ ನಿಂತವನ ಹಾಗೆ ರಿಮೋಟು ಹಿಡಿದಿದ್ದ. ಸೆರಗು ಜಾರಿತು. "ಈಗ!" ಎಂದೆ. ನಿಂತಿತು. ಜ್ಞಾನದೇವನ ಕ್ಯಾಮೆರಾ ಒಂದು ಸಲ ಟಿಕ್ಕೆಂದಿತು.

"ಇನ್ನೊಂದ್ ತಗೋತೀನಿ, ಹಂಗ ಇರ್ಲಿ—"

ವಿಸಿಆರ್ ಒಳಗಿನಿಂದ ಹುಲ್ಲು ಮೇಯುವ ಸಪ್ಪಳ. ತುಳಸವ್ವ ಅಡ್ಡಡ್ಡ ಎಳೆದುಕೊಂಡು ಹೋದಳು. ಟಿ.ವಿ. ನೀಲಿಯಾಯಿತು.

ಮುಚ್ಚಳ ಬಿಚ್ಚಿ ಟೇಪು ಬಿಡಿಸಿದರು. ಮುದುಡಿದೆ, ಎರಡು ಕಡೆ ಹರಿದಿದೆ. ಕಾಕಾಸಾಹೇಬ ಅದನ್ನು ಅಂಗೈಯಲ್ಲಿ ಹಿಡಿದು ಅತ್ತುಬಿಟ್ಟ. ಮೀಸೆ ಬಂದ ಹುಡುಗ. "ನನ್ನಿಂದ ಆತ್ರಿ ಮಾಸ್ತರ್ರ, ನನ್ನಿಂದ ಆತು."

"ಏ, ಹುಚ್ಚಾ. ಮಿಶನ್ ಅದು. ಅದಕ್ಕೇನ್ ಗೊತ್ತು." ಅವನ ಬೆನ್ನು ಸವರಿದೆ. ಸವರುತ್ತಿರುವ ಕೈ ಯಾರದೋ ಅನಿಸಿತು.

೧೦ ಆಗಸ್ಟ್, ಗುರುವಾರ

ವರ್ಷದ ಕಾರ್ಯ ಆಯಿತು. ಪಂಚಮಿಗೆ ಬಂದ ಅಕ್ಕುತಾಯಿ ಉಳಿದಿದ್ದಾಳೆ. ಜ್ಞಾನದೇವ ಮುಖವಷ್ಟನ್ನೇ ಇಟ್ಟು ದೊಡ್ಡದು ಮಾಡಿ ಫ್ರೇಮು ಹಾಕಿ ಕೊಟ್ಟ. ಕಣ್ಣು ಚೆನ್ನಾಗಿ ಬಂದಿವೆ. ತುಟಿಯ ಮೇಲೆ ಆ ಬಿಳಿ ಗೆರೆ.

"ಅವ್ವ ಸೆರಗ ಹಿಡದಂಗ ಐತಿ ನೋಡಪಾ," ಎಂದಳು ಅಕ್ಕುತಾಯಿ. ಹಾರ ಹಾಕಿ ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಳು. ಆಮೇಲೆ ಪಂಚಮಿ ಉಂಡಿಯ ಡಬ್ಬಿ ತಂದಿಟ್ಟು, "ಹಬ್ಬದ ದಿನದಿಂದ ಒಂದೂ ಮುಟ್ಟಿಲ್ಲ ನೀ. ಹೆಂಗ ಸೊರಗೀ ನೋಡು, ಕಿರೀಟ ಇಟ್ರ ಕೊಳ್ಳಿಗೇ ಇಳೀತೈತಿ."

ಒಂದು ತಿಂದೆ. ಎಳ್ಳೋ ಶೇಂಗಾನೋ ತಿಳಿಯಲಿಲ್ಲ.

೨೭ ಆಗಸ್ಟ್, ರವಿವಾರ. ಸತ್ತಿ

ತಾಲೀಮು. ದೆವ್ವವನ್ನೇ ತೆಗೆದುಹಾಕಿದೆ. ಧರೆಪ್ಪನಿಗೆ ಸಿಟ್ಟು. "ನಲವತ್ತ ವರ್ಸದಾಗ ದೆವ್ವಿಲ್ಲದ ದೆವ್ವದ ನಾಟಕಾ ನೋಡಿಲ್ಲ ಮಾಸ್ತರ! ಮತ್ತ ನಾ ಏನ್ ಮಾಡ್ಲಿ?"

"ಕುಂತು ಉಣ್ಣು."

"ಅದ್ ಬರತೈತಿ ಬಿಡು."

ವಾಡೆಯ ಮನೆತನದವರು ನೆಲದ ಮೇಲೆ ಸಾಲಾಗಿ ಕುಳಿತು ಊಟ ಮಾಡುತ್ತಾರೆ. ಮಾತಿಲ್ಲ. ಮೊದಲಿನಿಂದ ತುದಿಯಲ್ಲಿ ಒಂದು ಪತ್ರಾವಳಿ ಖಾಲಿ. ಅದರ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಪರದೆಯ ಹಿಂದಿನಿಂದ ಹೆಜ್ಜೆ ಸಪ್ಪಳ ಬರುತ್ತದೆ, ಹತ್ತಿರ, ಇನ್ನೂ ಹತ್ತಿರ. ಬಡಿಸುವವಳು ಸಾಲಿನ ತುದಿಗೆ ಬಂದು ಖಾಲಿ ಎಲೆಗೆ ಅನ್ನ ಹಾಕುತ್ತಾಳೆ. ಗ್ಯಾಸಬತ್ತಿ ಇಳಿಯುತ್ತದೆ. ಅಷ್ಟೆ.

೮ ಸೆಪ್ಟೆಂಬರ್, ಶುಕ್ರವಾರ. ಸತ್ತಿಯಿಂದ ಬಂದು

ನಿನ್ನೆ ನಾಟಕ ಆಯಿತು. ಪಂಕ್ತಿ ಕೂತಾಗ ಯಾರೋ, "ಧರೆಪ್ಪಾ, ಪಲ್ಯಾಕ ಉಪ್ಪ ಐತೇನಲೇ?" ಅಂದ. ನಗೆ. ಧರೆಪ್ಪ ತಲೆ ಎತ್ತಲಿಲ್ಲ. ಹೆಜ್ಜೆ ಸಪ್ಪಳ ಶುರುವಾಯಿತು. ನಗೆ ಸಣ್ಣದಾಯಿತು. ಎಲ್ಲರ ಕಣ್ಣು ಒಬ್ಬೊಬ್ಬರನ್ನೇ ದಾಟಿ ಸಾಲಿನ ತುದಿಗೆ ಹೋದವು. ಖಾಲಿ ಎಲೆ ಕಂಡಿತು. ಶೇಂಗಾ ಒಡೆಯುವ ಸಪ್ಪಳ ನಿಂತಿತು. ಅನ್ನ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಕೈ ಮುಗಿದು ಎದ್ದುಹೋದಳು.

ಅವರನ್ನು ಚಾಪೆಯಿಂದ ಎಬ್ಬಿಸಿ ವಾಡೆಯೊಳಗೆ ನಡೆಸಿದೆ. ಭಲೇ ಮಾಸ್ತರ. ಪರದೆಯ ಹಿಂದೆ ನಿಂತು ನೋಡಿದೆ. ತುಳಸವ್ವ ಕೂಡುತ್ತಿದ್ದ ಜಾಗದಲ್ಲಿ. ಏನೂ ಆಗಲಿಲ್ಲ.

ರಾವಸಾಹೇಬರು ಶಾಲು ಹೊದಿಸಿದರು. ವೈನಿ ಬುತ್ತಿ ಕಟ್ಟಿದರು. ನಾಟಕ ನೋಡಲು ಬಂದಿದ್ದ ಜ್ಞಾನದೇವ ಒಂದು ಲಕೋಟೆ ಕೊಟ್ಟ. "ಆ ದಿವಸದ ಸಣ್ಣ ಪ್ರಿಂಟ್ ರೀ. ದೊಡ್ಡದು ಮಾಡೂ ಮದಲ ತಗದಿದ್ದು, ಪೂರಾ ಟೀವಿ ಬಂದೈತಿ. ವಗದಿದ್ರ ಪಾಪ ಬರ್ತಿತ್ತು."

ತೆಗೆದು ನೋಡಿಲ್ಲ. ಆ ಮುಖ ಗೋಡೆಯ ಮೇಲೆ ಇದೆಯಲ್ಲ.

೯ ಸೆಪ್ಟೆಂಬರ್, ಬೆಳಿಗ್ಗೆ

ಉಪ್ಪುನೀರು ಒಲೆಯ ಮೇಲಿಟ್ಟು ಲಕೋಟೆ ತೆರೆದೆ.

ಅಂಗೈಯಷ್ಟು ಪ್ರಿಂಟು. ಟಿ.ವಿ.ಯ ಚೌಕಟ್ಟು, ಮೇಲೆ ಕ್ರೋಶಾ ಬಟ್ಟೆಯ ಅಂಚು. ಒಳಗೆ ತುಳಸವ್ವ. ಮುಖ ಚಿಕ್ಕದು, ಗೆರೆ ಚಿಕ್ಕದು. ಮುಖ ಚಿಕ್ಕದಾಗಿದ್ದಕ್ಕೆ ಕಣ್ಣು ಕೆಳಗೆ ಇಳಿಯಿತು. ಮೂಲೆಗೆ.

ಅವಳ ಎಡಗೈ. ಅವಳ ಪಕ್ಕದಲ್ಲಿ ಇನ್ನೊಂದು ಪತ್ರಾವಳಿ ಇದೆ. ಉಪ್ಪು, ಉಪ್ಪಿನಕಾಯಿ, ಹುಗ್ಗಿ ಬಡಿಸಿ ಆಗಿದೆ. ಅಲ್ಲಿ ಯಾರೂ ಕೂತಿಲ್ಲ. ಅದರ ಮುಂದೆ ನೆಲಕ್ಕೆ ಅವಳು ಅಂಗೈ ಊರಿ ಇಟ್ಟಿದ್ದಾಳೆ, ಬೇರೆ ಯಾರೂ ಬಂದು ಕೂಡಬಾರದೆಂದು. ನೋಡುತ್ತಿರುವುದು ನನ್ನ ಕಡೆ.

ಅಷ್ಟು ಸಲ ಹಿಂದೆ ಮುಂದೆ ಓಡಿಸಿದೆ. ಖಾಲಿ ಕುರ್ಚಿ ಕಂಡುಹಿಡಿದವನು ನಾನು. ಇಡೀ ಸತ್ತಿಗೆ ಖಾಲಿ ಎಲೆ ತೋರಿಸಿ ನಡುಗಿಸಿದವನು ನಾನು. ಇದು ಕಾಣಲಿಲ್ಲ. ತುಟಿ ನೋಡುತ್ತಿದ್ದೆ.

ಮಾತು ಎತ್ತಿಕೊಡುತ್ತಿರಲಿಲ್ಲ ಅವಳು. ನಾನು ಯಾವ ಮಾತನ್ನೂ ಮರೆತಿರಲಿಲ್ಲ. ಕರೆಯುತ್ತಿದ್ದಳು. ಬಕೀಟು ಇಟ್ಟು ಬಾ, ಆರುತ್ತದೆ ಎಂದು.

ಒಲೆಯ ಮೇಲೆ ನೀರು ಕುದಿದು ಉಕ್ಕಿತು. ಎದ್ದು ಆರಿಸಿದೆ. ಪ್ರಿಂಟಿನ ಮೇಲೆ ಒದ್ದೆ. ನೀರು ಅಲ್ಲಿಂದ ಇಲ್ಲಿಗೆ ಸಿಡಿಯಲು ಸಾಧ್ಯವಿಲ್ಲ. ಒರೆಸಿದೆ. ಮತ್ತೆ ಒದ್ದೆ.

"ಬಂದ್ನಿ" ಎಂದು ಒದರಲು ಹೋದೆ. ಮೂರನೆಯ ಸಾಲಿಗೂ ಕೇಳಿಸುತ್ತಿರಲಿಲ್ಲ, ಅಂಥ ದನಿ. ಎಮ್ಮೆ ಕಿವಿ ಎತ್ತಿತೋ ಇಲ್ಲವೋ.

ವೈನಿಯ ಬುತ್ತಿ ಇನ್ನೂ ಗೂಟಕ್ಕೆ ಇದೆ, ಎಮ್ಮೆಗೆ ಹಾಕಿಲ್ಲ. ಬಿಚ್ಚಿದೆ. ಭಕ್ರಿ ಬಿರುಸಾಗಿದೆ. ಬೆಳ್ಳುಳ್ಳಿ ಚಟ್ನಿ, ಖಾರ, ಬಹಳ ಖಾರ. ಬೆರಳಿಗೆ ಹತ್ತಿ ಪುಟಕ್ಕೆ ಎಣ್ಣೆ ತಾಗಿತು. ಒಂದೇ ಕೈಯಲ್ಲಿ ಬರೆಯಲು ಬರುವುದಿಲ್ಲ, ತಾಟು ಜರುಗುತ್ತದೆ, ಮೊದಲು ಇದೊಂದು ಉಂಡು